ಬೆಟ್ಟಕ್ಕೆ ಹಗ್ಗ ಕೊಟ್ಟ ಗುಹೆ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ದಿನಕ್ಕೊಂದು ಉಪದೇಶ ಸಿಗುತ್ತದೆ. ‘ಲೇತ್ ಮುಂದೆ ನಿಂತು ಏನ್ ಮಾಡ್ತೀಯೋ, ಯಾವುದಾದ್ರೂ ಸಾಫ್ಟ್‌ವೇರ್ ಕೋರ್ಸ್ ಸೇರ್ಕೊ’ ಎನ್ನುವುದು ಅದರ ಸಾರ. ಈ ಮಾತು ಕೇಳಿದಾಗೆಲ್ಲ ನನಗೆ ಫ್ರಾನ್ಸಿನ ಒಬ್ಬ ಲೋಹದ ಕೆಲಸಗಾರರ ನೆನಪಾಗುತ್ತದೆ. ಅವರ ಹೆಸರು ಫೆರ್ನಾಂ ಪೆಟ್ಜಲ್.

ರಾಮನಗರದ ಬಂಡೆಗಳನ್ನೋ ಬಾದಾಮಿಯ ಗೋಡೆಗಳನ್ನೋ ಹತ್ತಿದವರಿಗೆ ಈ ಹೆಸರು ಹೊಸದಲ್ಲ. ಹೆಲ್ಮೆಟ್, ಹಾರ್ನೆಸ್, ಹೆಡ್‌ಲ್ಯಾಂಪುಗಳ ಮೇಲೆ ಅದನ್ನು ನೋಡಿರುತ್ತಾರೆ. ಬೆಟ್ಟ ಹತ್ತುವವರ ಬ್ರ್ಯಾಂಡಿನಂತೆ ಕಾಣುವ ಅದರ ಬೇರು ಇರುವುದು ಮಾತ್ರ ನೆಲದಡಿಯ ಕತ್ತಲಲ್ಲಿ, ಗುಹೆಯಲ್ಲಿ.

ಗ್ರೆನೋಬಲ್ ನಗರದ ಸಮೀಪ ದಾಂ ದ ಕ್ರೋಲ್ ಎಂಬ ಪರ್ವತವಿದೆ. ಅದರ ಹೊಟ್ಟೆಯೊಳಗಿನ ಗುಹೆಗಳ ಜಾಲವನ್ನು 1936ರಿಂದ 1947ರವರೆಗೆ ಪಿಯರ್ ಶೆವಾಲಿಯೆ, ಪೆಟ್ಜಲ್ ಮತ್ತವರ ಗೆಳೆಯರು ಶೋಧಿಸಿದರು. 658 ಮೀಟರ್ ಆಳ ತಲುಪಿದಾಗ ಅದು ಆಗ ಗೊತ್ತಿದ್ದ ಜಗತ್ತಿನ ಅತಿ ಆಳದ ಗುಹೆಯಾಯಿತು. ನಡುವೆ ಎರಡನೇ ಮಹಾಯುದ್ಧ. ಅಂಗಡಿಯಲ್ಲಿ ಸಾಮಾನು ಸಿಗುತ್ತಿರಲಿಲ್ಲ. ಹಾಗಾಗಿ ಬೇಕಾದದ್ದನ್ನು ತಾವೇ ಮಾಡಿಕೊಂಡರು. ಕೈಗೆಟುಕದ ಸುರಂಗ ಸೇರಲು ಜೋಡಿಸಬಹುದಾದ ಕಂಬ ಬಳಸಿದರು. ನೆನೆದರೆ ಭಾರವಾಗಿ, ಕ್ರಮೇಣ ಕೊಳೆಯುವ ನಾರಿನ ಹಗ್ಗದ ಬದಲು 1942ರಲ್ಲೇ ನೈಲಾನ್ ಹಗ್ಗ ಹಿಡಿದರು. ಯುದ್ಧ ಮುಗಿದ ಮೇಲೆ ಪರ್ವತಾರೋಹಿಗಳೂ ನೈಲಾನಿಗೇ ಬಂದರು.

ಗುಹೆಯೇ ಯಾಕೆ ಇಷ್ಟೆಲ್ಲ ಕಲಿಸಿತು? ನನಗೆ ಹೊಳೆಯುವ ಉತ್ತರ ಸರಳ. ಬೆಟ್ಟದಲ್ಲಿ ಮೈಯಲ್ಲಿ ಕಸುವಿರುವಾಗ ಹತ್ತುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಗುಹೆಯಲ್ಲಿ ಇದು ತಿರುಗುಮುರುಗು. ಮೊದಲು ಇಳಿಯುವುದು, ಆಮೇಲೆ ನೆನೆದು, ಚಳಿಗೆ ನಡುಗುತ್ತಾ ಕತ್ತಲಲ್ಲೇ ಹತ್ತುವುದು. ಮನೆಗೆ ಹೋಗುವ ದಾರಿ ಮೇಲಕ್ಕೇ ಇರುತ್ತದೆ. ಸುಸ್ತಾದ ಮನುಷ್ಯನನ್ನು ಹಗ್ಗದ ಮೇಲೆ ಹತ್ತಿಸುವ ಸಾಧನ ಅವರಿಗೆ ಶೋಕಿಯಾಗಿರಲಿಲ್ಲ, ಜೀವದ ಪ್ರಶ್ನೆಯಾಗಿತ್ತು.

ಶೆವಾಲಿಯೆ ಮತ್ತು ಆಂರಿ ಬ್ರೆನೊ 1934ರಲ್ಲೇ ಗುಹೆಯಲ್ಲಿ ಅಂಥದ್ದೊಂದನ್ನು ಬಳಸಿದ್ದರು. ಬ್ರೆನೊ ರೂಪಿಸಿದ್ದ ಆ ಸಾಧನಕ್ಕೆ ಇಟ್ಟ ಹೆಸರು ‘ಕೋತಿ’! 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜುಮಾರ್ ಬಂತು. ಅದನ್ನು ಗುಹೆಗೆ ಒಗ್ಗಿಸಿಕೊಂಡ ಬ್ರೂನೊ ಡ್ರೆಸ್ಲರ್ 1968ರಲ್ಲಿ ಪೆಟ್ಜಲ್ ಬಳಿ ಬಂದು, ‘ಇಂಥದ್ದು ಬೇಕು’ ಎಂದು ಕೇಳಿದರು. ಹೀಗೆ ಹುಟ್ಟಿದ್ದು ಎದೆಯ ಮೇಲೆ ಕೂರುವ ‘ಕ್ರೋಲ್’. ಅದೇ ಪರ್ವತದ ಹೆಸರು. ಒಳಗಿನ ಹಲ್ಲಿರುವ ಕ್ಯಾಮ್ ಹಗ್ಗವನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ. ಎದೆಗೊಂದು, ಕಾಲಿನ ಕುಣಿಕೆ ಕಟ್ಟಿದ ಕೈಹಿಡಿಗೊಂದು. ಕೂರುವುದು, ಕಾಲಿನ ಬಲದಲ್ಲಿ ಏಳುವುದು, ಮತ್ತೆ ಕೂರುವುದು. ಕಪ್ಪೆಯ ಹಾಗೆ ಕಾಣುವುದರಿಂದ ಇದಕ್ಕೆ ‘ಫ್ರಾಗ್’ ಪದ್ಧತಿ ಎಂದೇ ಹೆಸರು. ತೋಳಿಗಿಂತ ಕಾಲಿಗೆ ಶಕ್ತಿ ಹೆಚ್ಚು ಎಂಬ ಸರಳ ಲೆಕ್ಕ. ಪೆಟ್ಜಲ್ ಹೆಸರಿನ ಕಂಪನಿ ಶುರುವಾದದ್ದು ಇದಾದ ಮೇಲೆ, 1970ರ ದಶಕದಲ್ಲಿ.

ಹಗ್ಗದ ಕತೆಯೂ ಹಾಗೇ. ಬಂಡೆ ಹತ್ತುವವನು ಕೈಜಾರಿ ಬಿದ್ದರೆ ಹಗ್ಗ ಸ್ವಲ್ಪ ಹಿಗ್ಗಬೇಕು, ಇಲ್ಲದಿದ್ದರೆ ಎಳೆತಕ್ಕೆ ಮೈ ಮುರಿಯುತ್ತದೆ. ಆದರೆ ಹಗ್ಗದಲ್ಲೇ ತೂಗಾಡುತ್ತ ನೂರಾರು ಅಡಿ ಹತ್ತುವಾಗ ಹಿಗ್ಗುವ ಹಗ್ಗ ಮೇಲೆ ಕೆಳಗೆ ಕುಣಿಯುತ್ತದೆ. ಕಲ್ಲಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿರುವ ಎಲಿಸನ್ಸ್ ಗುಹೆಯ ಒಂದು ಬಾವಿಯೇ 586 ಅಡಿ. ಇಂಥ ಕಡೆ ಇಳಿಯುವವರಿಗೆ ಹೆಚ್ಚು ಹಿಗ್ಗದ, ಗಟ್ಟಿ ಹೊರಕವಚದ ‘ಸ್ಟ್ಯಾಟಿಕ್’ ಹಗ್ಗ ಬೇಕಾಯಿತು. ಇಂದು ರಕ್ಷಣಾ ತಂಡಗಳೂ ಅದನ್ನೇ ನೆಚ್ಚಿಕೊಂಡಿವೆ.

ನಮ್ಮ ವಯಸ್ಸಿನವರು ಗಮನಿಸಬೇಕಾದದ್ದು ಮುಂದಿದೆ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಗುಹೆ ಮತ್ತು ಬೆಟ್ಟದ ಈ ವಿದ್ಯೆಯೇ ಎತ್ತರದ ಕಟ್ಟಡ, ಸಮುದ್ರದ ತೈಲ ಘಟಕಗಳ ಕೆಲಸಕ್ಕೆ ಬಂತು. ಅದೇ ‘ರೋಪ್ ಆಕ್ಸೆಸ್’. ಒಂದು ಹಗ್ಗ ಕೆಲಸಕ್ಕೆ, ಇನ್ನೊಂದು ಜೀವಕ್ಕೆ. ಈ ಕ್ಷೇತ್ರದ ಸಂಸ್ಥೆಯಾದ ಐರಾಟಾ ಮೂರು ಹಂತದ ಪ್ರಮಾಣಪತ್ರ ಕೊಡುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಹಗ್ಗ ಹಿಡಿದು ಇಳಿಯುವವರನ್ನು ನೋಡಿದ್ದೀರಲ್ಲ? ಅದು ಸರಿಯಾದ ತರಬೇತಿ ಬೇಡುವ ವೃತ್ತಿ. ತರಬೇತಿಯಿಲ್ಲದೆ, ಎರಡನೇ ಹಗ್ಗವಿಲ್ಲದೆ ಯಾರಾದರೂ ಇಳಿಸಲು ಹೊರಟರೆ ‘ಆಗಲ್ಲ’ ಎನ್ನುವುದನ್ನು ಮೊದಲು ಕಲಿಯಬೇಕು.

ಪೆಟ್ಜಲ್ ಮಾರುಕಟ್ಟೆ ನೋಡಿ ಗುಹೆಗೆ ಇಳಿದವರಲ್ಲ. ಎಲ್ಲಿ ಹಗ್ಗ ಜಾರುತ್ತದೆ, ಎಲ್ಲಿ ಕೈ ಸೋಲುತ್ತದೆ ಎಂಬುದು ಅವರ ಮೈಗೇ ಗೊತ್ತಿತ್ತು. ಅದನ್ನು ಲೋಹದಲ್ಲಿ ಸರಿಪಡಿಸುವ ಕಸುಬೂ ಕೈಯಲ್ಲಿತ್ತು. ನಮ್ಮೂರಿನಲ್ಲಿ ಮಳೆಗೆ ಜಾರುವ ಅಡಿಕೆ ಮರ ಹತ್ತಿ ಕೊನೆ ಇಳಿಸುವವರಿದ್ದಾರೆ, ಬಾವಿಗೆ ಇಳಿದು ಹೂಳೆತ್ತುವವರಿದ್ದಾರೆ. ಅವರಿಗೆ ಏನು ಬೇಕು ಎಂದು ಹತ್ತಿರ ಕೂತು ಕೇಳಿದವರು ಕಡಿಮೆ. ಕೆಲಸ ಸಿಗುವ ತನಕ ನಾನು ಆ ಪ್ರಶ್ನೆ ಕೇಳುತ್ತಾ ತಿರುಗಬೇಕು ಎಂದಿದ್ದೇನೆ. ಲೇತ್ ಓಡಿಸುವುದಂತೂ ಬರುತ್ತದಲ್ಲ!