ಪಾಸ್‌ವರ್ಡ್ ನಿಯಮಗಳಲ್ಲಿ ಉತ್ಸರ್ಗಾಪವಾದ ವಿಚಾರ

ತಂತಿಯಿಂದಲೋ ತರಂಗದಿಂದಲೋ ಪರಸ್ಪರ ಸಂಬಂಧಿಸಿದ ಕಂಪ್ಯೂಟರುಗಳ ಸಮೂಹಕ್ಕೆ ಜಾಲವೆಂದು ಹೆಸರು. ಸಂಸ್ಥೆಯೊಂದರ ಜಾಲವನ್ನು ಪ್ರವೇಶಿಸತಕ್ಕವನು ತನ್ನ ಹೆಸರನ್ನೂ ತನಗೆ ಮಾತ್ರ ತಿಳಿದ ಗುಪ್ತಪದವನ್ನೂ ಅರುಹಬೇಕು. ಈ ಗುಪ್ತಪದಕ್ಕೆ ಪಾಸ್‌ವರ್ಡ್ ಎಂಬ ಹೆಸರೇ ಲೋಕದಲ್ಲಿ ರೂಢವಾಗಿರುವುದರಿಂದ ಇಲ್ಲಿಯೂ ಅದನ್ನೇ ಇಟ್ಟುಕೊಳ್ಳಲಾಗಿದೆ. ಅದು ಎಷ್ಟು ಅಕ್ಷರಗಳದ್ದಾಗಿರಬೇಕು, ಎಷ್ಟು ದಿನಗಳಿಗೊಮ್ಮೆ ಬದಲಾಗಬೇಕು, ಎಷ್ಟು ಸಲ ತಪ್ಪಾಗಿ ಕೊಟ್ಟರೆ ಪ್ರವೇಶವನ್ನು ತಡೆಯಬೇಕು ಎಂಬಿವೇ ಪಾಸ್‌ವರ್ಡ್ ನಿಯಮಗಳು. ಇವು ಎಲ್ಲರಿಗೂ ಸಮಾನವಾಗಿರಬೇಕೆ, ಅಧಿಕಾರಿಭೇದವನ್ನನುಸರಿಸಿ ಭಿನ್ನವಾಗಬಹುದೆ, ಭಿನ್ನವಾದಲ್ಲಿ ಒಬ್ಬನಿಗೇ ಎರಡು ನಿಯಮಗಳು ಪ್ರಾಪ್ತವಾದಾಗ ಯಾವುದು ಬಲಿಷ್ಠ ಎಂಬುದೇ ಪ್ರಕೃತ ವಿಚಾರ. ವ್ಯಾಕರಣ ಮೀಮಾಂಸೆಗಳಲ್ಲಿ ಪರಿಶ್ರಮವುಳ್ಳವರಿಗೆ ಈ ಪ್ರಶ್ನೆ ಅಪರಿಚಿತವಲ್ಲ.

ನಿಯಮವೇ ಬೇಡ, ಜನರ ವಿವೇಚನೆಗೇ ಬಿಡಬಹುದಲ್ಲವೆ ಎಂದರೆ, ಅದಕ್ಕೆ ೧೯೭೯ರಲ್ಲಿಯೇ ಉತ್ತರ ದೊರೆತಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮೋರಿಸ್, ಕೆನ್ ಥಾಂಪ್ಸನ್ ಎಂಬಿಬ್ಬರು ೩,೨೮೯ ಪಾಸ್‌ವರ್ಡುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ನೂರಕ್ಕೆ ೮೬ರಷ್ಟು ತೀರ ಹ್ರಸ್ವವಾದವು ಅಥವಾ ನಿಘಂಟಿನಲ್ಲಿ ದೊರೆಯತಕ್ಕವು, ಸುಲಭವಾಗಿ ಊಹಿಸಬಹುದಾದವು ಎಂದು ಕಂಡುಬಂದಿತು. ಆದುದರಿಂದ ನಿಯಮವು ಅವಶ್ಯಕ. ಆದರೆ ಏಕರೂಪವಾದ ನಿಯಮಕ್ಕೂ ದೋಷವುಂಟು. ವಿಶ್ವವಿದ್ಯಾನಿಲಯವೊಂದನ್ನು ಭಾವಿಸಿಕೊಳ್ಳೋಣ. ಅಲ್ಲಿ ವಿದ್ಯಾರ್ಥಿಯು ತನ್ನ ಅಂಕಗಳನ್ನು ನೋಡಬಲ್ಲನು. ಪರೀಕ್ಷಾಶಾಖೆಯ ನೌಕರನು ಸಹಸ್ರಾರು ಜನರ ಅಂಕಗಳನ್ನು ತಿದ್ದಬಲ್ಲನು. ಜಾಲದ ನಿರ್ವಾಹಕನಾದರೋ ಈ ಇಬ್ಬರ ಪಾಸ್‌ವರ್ಡುಗಳನ್ನೇ ಬದಲಿಸಬಲ್ಲನು. ವಿದ್ಯಾರ್ಥಿಗೆ ಸಾಕಾಗುವ ನಿಯಮವನ್ನೇ ಮೂವರಿಗೂ ವಿಧಿಸಿದರೆ ಅಂಕಪಟ್ಟಿಗೆ ರಕ್ಷಣೆಯಿಲ್ಲ. ನಿರ್ವಾಹಕನಿಗೆ ಉಚಿತವಾದುದನ್ನು ಎಲ್ಲರ ಮೇಲೆ ಹೊರಿಸಿದರೆ, ನೆನಪಿಡಲಾರದವರು ಅದನ್ನು ಚೀಟಿಯಲ್ಲಿ ಬರೆದು ಕೀಲಿಮಣೆಯ ಕೆಳಗೆ ಅಂಟಿಸುವರು.

ಮೈಕ್ರೋಸಾಫ್ಟ್ ಸಂಸ್ಥೆಯವರ ಆ್ಯಕ್ಟಿವ್ ಡೈರೆಕ್ಟರಿ ಎಂಬ ವ್ಯವಸ್ಥೆಯಲ್ಲಿ ಈ ಭೇದಕ್ಕೆ ಮೊದಲು ಅವಕಾಶವಿರಲಿಲ್ಲ. ವಿಂಡೋಸ್ ೨೦೦೦ ಮತ್ತು ಸರ್ವರ್ ೨೦೦೩ರಲ್ಲಿ, ಒಂದು ಡೊಮೇನ್ ಎಂದರೆ ಒಂದು ಆಡಳಿತಕ್ಷೇತ್ರಕ್ಕೆ, ಒಂದೇ ಪಾಸ್‌ವರ್ಡ್ ನಿಯಮ. ಎರಡು ಬೇಕಾದವರು ಪ್ರಾಯಶಃ ಎರಡು ಡೊಮೇನುಗಳನ್ನೇ ಕಟ್ಟಿ ನಡೆಸಬೇಕಾಗಿತ್ತು. ಸರ್ವರ್ ೨೦೦೮ರಲ್ಲಿ ‘ಪಾಸ್‌ವರ್ಡ್ ಸೆಟ್ಟಿಂಗ್ಸ್ ಆಬ್ಜೆಕ್ಟ್’ ಎಂಬುದು ಬಂದಿತು, ಇದನ್ನು ನಿಯಮಪತ್ರವೆನ್ನಬಹುದು. ೨೦೧೨ರ ಸರ್ವರಿನಿಂದೀಚೆಗೆ ಇದನ್ನು ಬರೆಯುವ ಕ್ರಮವೂ ಸುಲಭವಾಯಿತು. ಡೊಮೇನಿನ ಮೂಲನಿಯಮವು ಉತ್ಸರ್ಗ: ಬೇರೆ ಏನನ್ನೂ ಹೇಳದಿದ್ದಲ್ಲಿ ಕನಿಷ್ಠ ೭ ಅಕ್ಷರ, ೪೨ ದಿನಗಳ ಅವಧಿ, ಹಿಂದಿನ ೨೪ ಪಾಸ್‌ವರ್ಡುಗಳನ್ನು ಮರಳಿ ಬಳಸಲಾಗದೆಂಬ ನಿಷೇಧ. ನಿಯಮಪತ್ರಗಳು ಇದಕ್ಕೆ ಅಪವಾದಗಳು.

ನಿಯಮಪತ್ರವನ್ನು ಒಬ್ಬ ವ್ಯಕ್ತಿಗೆ ನೇರವಾಗಿ ವಿಧಿಸಬಹುದು, ಇಲ್ಲವೆ ವ್ಯಕ್ತಿಗಳ ಗುಂಪಿಗೆ ವಿಧಿಸಬಹುದು. ಡೈರೆಕ್ಟರಿಯಲ್ಲಿ ಶಾಖೆಗಳೆಂಬ ವಿಭಾಗವೂ ಇದೆ. ಆದರೆ ಶಾಖೆಗೆ ಇದನ್ನು ವಿಧಿಸಲಾಗದು. ಒಬ್ಬನು ಇರುವುದು ಒಂದೇ ಶಾಖೆಯಲ್ಲಿ, ಗುಂಪುಗಳಾದರೋ ಅನೇಕ. ಹೀಗಿರುವುದರಿಂದಲೇ ವಿಪ್ರತಿಷೇಧಕ್ಕೆ ಪ್ರಸಕ್ತಿ ಒದಗುವುದು. ಅದರ ಪರಿಹಾರಕ್ಕಾಗಿ ಪ್ರತಿಯೊಂದು ಪತ್ರಕ್ಕೂ ಒಂದು ಕ್ರಮಾಂಕವನ್ನು ಕೊಡಬೇಕೆಂದು ವಿಧಾನವಿದೆ. ವ್ಯಕ್ತಿಗೆ ನೇರವಾಗಿ ವಿಧಿಸಿದ ಪತ್ರವು ಗುಂಪಿನ ಮೂಲಕ ಬಂದುದನ್ನು ಬಾಧಿಸುವುದು. ಸಮಾನಕಕ್ಷೆಯವುಗಳಲ್ಲಿ ಕ್ರಮಾಂಕವು ಕಡಿಮೆಯಾದುದೇ ಪ್ರಬಲ. ಕ್ರಮಾಂಕವೂ ಸಮವಾದರೆ, ಪತ್ರವು ಹುಟ್ಟಿದಾಗ ಯಂತ್ರವೇ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ ಚಿಕ್ಕದಾದುದು ಗೆಲ್ಲುವುದು. ಈ ಕಡೆಯದು ಚೀಟಿಯೆತ್ತಿ ತೀರ್ಮಾನಿಸಿದಂತೆಯೇ ಸರಿ, ಯುಕ್ತಿಯೇನೂ ಅದರಲ್ಲಿಲ್ಲ.

ಮೊದಲನೆಯ ನಿರ್ಣಯವು ಮಾತ್ರ ಯುಕ್ತಿಯುಕ್ತವಾಗಿದೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರರಲ್ಲಿ ಹಿಂದಿನದು ಮುಂದಿನದಕ್ಕಿಂತ ಬಲವತ್ತರವೆಂದು ಜೈಮಿನಿಯ ಮತ. ಶ್ರುತಿಯು ಅರ್ಥವನ್ನು ವ್ಯವಧಾನವಿಲ್ಲದೆ ಹೇಳುವುದು. ಉಳಿದವು ಮಧ್ಯೆ ಒಂದೊಂದನ್ನು ಕಲ್ಪಿಸಿಕೊಂಡು ಹೇಳುವುವು. ವ್ಯಕ್ತಿಯ ಹೆಸರಿಗೇ ಬಂದ ಪತ್ರಕ್ಕೂ ಗುಂಪಿನ ವ್ಯವಧಾನವಿಲ್ಲ. ಇದರ ಫಲವಾಗಿ, ನೇರವಾದ ಪತ್ರದ ಕ್ರಮಾಂಕ ೫೦, ಗುಂಪಿನದು ೧ ಆದಾಗಲೂ ನೇರವಾದುದೇ ನಿಲ್ಲುವುದು. ಪಾಣಿನಿಯ ಕ್ರಮವನ್ನು ರೂಢಿಮಾಡಿಕೊಂಡವರು ಇಲ್ಲಿ ಎಚ್ಚರದಿಂದಿರಬೇಕು. ಅಷ್ಟಾಧ್ಯಾಯಿಯಲ್ಲಿ ತುಲ್ಯಬಲವುಳ್ಳ ಎರಡು ಸೂತ್ರಗಳು ವಿರೋಧಿಸಿದರೆ ಪರಸೂತ್ರವು ಗೆಲ್ಲುವುದು. ಇಲ್ಲಿ ಪೂರ್ವಾಂಕವು ಗೆಲ್ಲುವುದು.

ಬಹುಮಂದಿ ಎಡವುವುದು ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸ್ಥಳದಲ್ಲಿ. ಎರಡು ಪತ್ರಗಳು ಪ್ರಾಪ್ತವಾದಾಗ ಅವುಗಳ ಕಠಿಣಾಂಶಗಳೆಲ್ಲ ಕೂಡಿ ಅನ್ವಯಿಸುವುವೆಂದು ತೋರುವುದು ಸಹಜ. ಹಾಗಿಲ್ಲ. ಇಲ್ಲಿರುವುದು ಬಾಧವೇ ಹೊರತು ಸಮುಚ್ಚಯವಲ್ಲ. ಗೆದ್ದ ಒಂದು ಪತ್ರವೇ ಸಮಗ್ರವಾಗಿ ಆಳುವುದು. ಅಧ್ಯಾಪಕರ ಗುಂಪಿಗೆ ೮ ಅಕ್ಷರಗಳ ಪತ್ರ, ಕ್ರಮಾಂಕ ೧೦. ಪರೀಕ್ಷಾಶಾಖೆಗೆ ೧೫ ಅಕ್ಷರಗಳ ಪತ್ರ, ಕ್ರಮಾಂಕ ೨೦ ಎಂದಿರಲಿ. ಅಧ್ಯಾಪಕನೊಬ್ಬನನ್ನು ಪರೀಕ್ಷಾಶಾಖೆಗೂ ನಿಯೋಜಿಸಿದರೆ ಅವನಿಗೆ ೮ ಅಕ್ಷರಗಳೇ ಸಾಕಾಗುವುವು. ಯಂತ್ರವು ಯಾವ ಆಕ್ಷೇಪವನ್ನೂ ಎತ್ತದು. ಅಂಕಪಟ್ಟಿಯ ರಕ್ಷಣೆಗೆಂದೇ ಬರೆದ ಪತ್ರವು ಇದ್ದೂ ಇಲ್ಲದಂತಾಗುವುದು. ಆದುದರಿಂದ ಕಠಿಣವಾದ ಪತ್ರಗಳಿಗೆ ಚಿಕ್ಕ ಅಂಕಗಳನ್ನು ಮೊದಲೇ ಕಾದಿರಿಸಿ, ನಡುನಡುವೆ ತೆರಪು ಬಿಟ್ಟು ಎಣಿಸುವುದು ವಿಹಿತ.

ಕಾಠಿಣ್ಯವೆಲ್ಲವೂ ರಕ್ಷಣೆಯೆಂದೂ ತಿಳಿಯಬಾರದು. ಮೂರು ಸಲ ತಪ್ಪಿದರೆ ತಡೆಯೆಂಬ ನಿಯಮವಿದ್ದಲ್ಲಿ, ದ್ವೇಷಿಯಾದವನು ಬೇಕೆಂದೇ ಮೂರು ಸಲ ತಪ್ಪಾಗಿ ಕೊಟ್ಟು ಪರರ ಪ್ರವೇಶವನ್ನು ಕೆಡಿಸಬಲ್ಲನು. ಮನುಷ್ಯರಿಗಲ್ಲದೆ ಕಾರ್ಯಕ್ರಮಗಳಿಗಾಗಿಯೇ ಇರುವ ಖಾತೆಗಳು ಹೀಗೆ ನಿಂತರೆ ಇಡೀ ಕಚೇರಿಯೇ ನಿಲ್ಲಬಹುದು. ಅವುಗಳಿಗೆ ಬಹು ದೀರ್ಘವಾದ ಪಾಸ್‌ವರ್ಡನ್ನೂ ಶಿಥಿಲವಾದ ತಡೆಯನ್ನೂ ವಿಧಿಸುವುದು ಮೇಲು. ಅವಧಿಯ ವಿಷಯದಲ್ಲಿಯೂ ಮತವು ಬದಲಾಗಿದೆ. ಲೀಕಾದುದಕ್ಕೆ ಆಧಾರವಿಲ್ಲದೆ ನಿಯತಕಾಲಕ್ಕೆ ಬದಲಿಸಬೇಕೆಂದು ಬಲವಂತಪಡಿಸುವುದು ತರವಲ್ಲವೆಂದು ಅಮೆರಿಕದ ರಾಷ್ಟ್ರೀಯ ಮಾನಕಸಂಸ್ಥೆಯು ೨೦೧೭ರಲ್ಲಿ ತಿಳಿಸಿತು. ಮೈಕ್ರೋಸಾಫ್ಟಿನವರೂ ೨೦೧೯ರಲ್ಲಿ ತಮ್ಮ ಸಲಹಾಪಟ್ಟಿಯಿಂದ ಅವಧಿಯನ್ನು ಕೈಬಿಟ್ಟರು. ಅಕ್ಷರಸಂಖ್ಯೆಯನ್ನು ಹೆಚ್ಚಿಸುವ ಹೊಸ ಪತ್ರವು ಈಗಾಗಲೇ ಇರುವ ಪಾಸ್‌ವರ್ಡನ್ನು ಮುಟ್ಟದು, ಮುಂದೆ ಬದಲಿಸುವಾಗಲಷ್ಟೇ ಪರೀಕ್ಷಿಸುವುದು ಎಂಬುದನ್ನೂ ನೆನಪಿಡತಕ್ಕದ್ದು.

ಇಷ್ಟೆಲ್ಲ ಬಲಾಬಲವನ್ನು ನಿರ್ವಾಹಕನು ತಾನೇ ಲೆಕ್ಕಹಾಕಬೇಕಾಗಿಲ್ಲ. ಪ್ರತಿಯೊಬ್ಬನ ಹೆಸರಿನೊಡನೆ, ಅವನಿಗೆ ಕಡೆಗೆ ನಿಂತ ಪತ್ರವಾವುದೆಂಬುದನ್ನು ಡೈರೆಕ್ಟರಿಯು ತಾನೇ ಗಣಿಸಿ ಕೇಳಿದಾಗ ತೋರಿಸುವುದು. ಆ ಸ್ಥಾನವು ಶೂನ್ಯವಾಗಿ ಕಂಡರೆ, ಅವನಿಗೆ ಅಪವಾದ ಯಾವುದೂ ಪ್ರಾಪ್ತವಾಗಿಲ್ಲ, ಉತ್ಸರ್ಗವೇ ಅನ್ವಯಿಸುತ್ತಿದೆ ಎಂದು ಅರ್ಥ.