ಬೆಲ್ಲ ತಿಂದ ಗೋಡೆ

ಹಳೇ ಮನೆ ಕೈಗೆ ಬಂದ ತಿಂಗಳೊಳಗೆ ಬಹುತೇಕರು ಮಾಡಿಸುವ ಮೊದಲ ಕೆಲಸ ಒಂದೇ. ಗೋಡೆಯ ಬುಡ ಉದುರುತ್ತಿದೆಯೆಂದು ಮೇಸ್ತ್ರಿಯನ್ನು ಕರೆಸುತ್ತಾರೆ, ನೆಲದಿಂದ ಮೂರಡಿ ಎತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಎಮಲ್ಷನ್. ಗೃಹಪ್ರವೇಶದ ದಿನ ಗೋಡೆ ಫಳಫಳ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟ್ ಎಲ್ಲಿಗೆ ನಿಂತಿತೋ ಅದಕ್ಕಿಂತ ಒಂದು ಗೇಣು ಮೇಲೆ ಹೊಸದೊಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಬಣ್ಣ ಅಲ್ಲಲ್ಲಿ ಬೊಕ್ಕೆ ಎದ್ದಿರುತ್ತದೆ, ಉಗುರು ತಾಗಿಸಿದರೆ ಹಪ್ಪಳದ ಹಾಗೆ ಮುರಿದು ಬೀಳುತ್ತದೆ. ಅದರ ಹಿಂದೆ ಹತ್ತಿಯಂಥ ಬಿಳಿ ನವಿರು, ಅದು ಉಪ್ಪು. ಕೆಳಗಿನ ಸಿಮೆಂಟನ್ನು ತಟ್ಟಿ ನೋಡಿದರೆ ಟೊಳ್ಳು ಸದ್ದು. ಒಂದು ಚಕ್ಕೆ ಕಿತ್ತರೆ ಒಳಗಿನ ಮಣ್ಣು ಬೆರಳಿಟ್ಟಲ್ಲಿ ಕುಸಿಯುವಷ್ಟು ಹಸಿ. 'ಎಷ್ಟಾದರೂ ಹಳೇ ಗೋಡೆ ಅಲ್ವಾ' ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ, 'ಇನ್ನೂ ಮೂರಡಿ ಏರಿಸಿಬಿಡೋಣ ಸಾರ್' ಎಂದು ಮೇಸ್ತ್ರಿ ಧೈರ್ಯ ಹೇಳುತ್ತಾರೆ. ಈ ಇಬ್ಬರ ಮಾತೂ ತಪ್ಪು ಎಂಬುದು ಈ ಲೇಖನದ ವಾದ. ಗೋಡೆ ಮುಪ್ಪಿನಿಂದ ಹಾಳಾಗಿಲ್ಲ, ಅದನ್ನು ಹಾಳು ಮಾಡಿದ್ದು ದುರಸ್ತಿ.

ಮಲೆನಾಡಿನ ತೊಟ್ಟಿಮನೆಯಾಗಲಿ, ಕರಾವಳಿಯ ಮುರಕಲ್ಲಿನ ಮನೆಯಾಗಲಿ, ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಾಗಲಿ, ಇವುಗಳ ಗೋಡೆ ನೆಲದ ತೇವವನ್ನು ಪೂರ್ತಿ ತಡೆಯಲು ಹೊರಟವೇ ಅಲ್ಲ. ಇಂದಿನ ಕಟ್ಟಡದಲ್ಲಿ ಪಾಯದ ಮೇಲೆ ನೀರು ಏರದಂತೆ ಒಂದು ಪದರ ಹಾಕುತ್ತಾರಲ್ಲ, ಅಂಥದ್ದು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತೇವ ಮಣ್ಣಿನ, ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಏರುತ್ತದೆ, ಸುಣ್ಣದ ಗಾರೆಯ ಮೂಲಕ ಹೊರಗೆ ಆರಿಹೋಗುತ್ತದೆ. ಏರಿದ್ದಷ್ಟೂ ಆರುತ್ತಿದ್ದರೆ ಗೋಡೆ ಗಟ್ಟಿಯಾಗಿ ನಿಂತಿರುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಏರುವುದು ನಿಲ್ಲುವುದಿಲ್ಲ, ಆರುವುದು ನಿಲ್ಲುತ್ತದೆ. ಹೊರಗೆ ಹೋಗಲು ದಾರಿ ಹುಡುಕುತ್ತ ತೇವ ಸಿಮೆಂಟಿನ ಅಂಚು ದಾಟುವವರೆಗೂ ಮೇಲೇರುತ್ತದೆ. ಜತೆಗೆ ಹೊತ್ತು ತಂದ ಉಪ್ಪನ್ನು ಅಲ್ಲಿ ಬಿಟ್ಟು ತಾನು ಗಾಳಿಗೆ ಹೋಗುತ್ತದೆ. ಉಪ್ಪು ಹರಳುಗಟ್ಟುವಾಗ ಹಿಗ್ಗಿ ಬಣ್ಣವನ್ನೂ ಗಾರೆಯನ್ನೂ ಒಳಗಿನಿಂದ ತಳ್ಳುತ್ತದೆ. ಹಾಗಾಗಿ ಮೇಸ್ತ್ರಿ ಏರಿಸಿದಷ್ಟೂ ತೇವವೂ ಏರುತ್ತದೆ. ಆರಡಿ ಸಿಮೆಂಟ್ ಆದಮೇಲೆ ಬಾಗಿಲ ದಾರಂದಕ್ಕೂ ಜಂತಿಯ ತುದಿಗೂ ತೇವ ತಲುಪುತ್ತದೆ. ಮರ ಹಸಿಯಾದಲ್ಲಿ ಗೆದ್ದಲಿಗೆ ಹಬ್ಬ.

ಹಾಗಾದರೆ ಹಳಬರ ಗಾರೆಯಲ್ಲಿ ಏನಿತ್ತು? ಸುಣ್ಣದಕಲ್ಲನ್ನೋ ಹೊಳೆಯ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ತೂಕದಲ್ಲಿ ನೂರಕ್ಕೆ 44 ಪಾಲು ಕಡಿಮೆಯಾಗುತ್ತದೆ. ನೀರು ಹಾಕಿದರೆ ಸುಣ್ಣ ಕುದಿಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಇಷ್ಟು ಶಾಲೆಯ ಪಾಠ. ಕುತೂಹಲ ಶುರುವಾಗುವುದು ಬೆಲ್ಲದಿಂದ. ಕರಾವಳಿಯ ದೇವಸ್ಥಾನ, ಮನೆಗಳ ಗೋಡೆಯ ಕಾವಿ ಚಿತ್ತಾರವನ್ನು ಊರೂರು ಅಲೆದು ದಾಖಲಿಸಿದ ಕೃಷ್ಣಾನಂದ ಕಾಮತರು, ಆ ಗಾರೆಗೆ ಚಿಪ್ಪಿನ ಸುಣ್ಣ, ತೊಳೆದ ಮರಳಿನ ಜತೆ ಬೆಲ್ಲ ಸೇರಿಸಿ ಕುಟ್ಟಿ ಹುದುಗಲು ಬಿಡುತ್ತಿದ್ದುದನ್ನು ಬರೆದಿದ್ದಾರೆ. ಒಳನಾಡಿನಲ್ಲಿ ಬೆಲ್ಲದ ಜತೆ ಅಳಲೆಕಾಯಿ ನೆನೆಸಿದ ನೀರು. ಕೇಳಿದ ತಕ್ಷಣ ಅಜ್ಜಿಕತೆ ಎನಿಸುತ್ತದೆ. ಆದರೆ ಬರೀ ನೀರಿನಲ್ಲಿ ಸುಣ್ಣ ಕರಗುವುದು ತೀರಾ ಕಡಿಮೆ, ಸಕ್ಕರೆ ಇರುವ ನೀರಿನಲ್ಲಿ ಹಲವು ಪಟ್ಟು ಹೆಚ್ಚು. ಹೆಚ್ಚು ಕರಗಿದ ಸುಣ್ಣ ಮರಳಿನ ಸಂದುಸಂದಿಗೂ ಇಳಿದು ಅಲ್ಲೇ ಹರಳುಗಟ್ಟಬಲ್ಲದು. ಗಾರೆಗೆ ಕಡಿಮೆ ನೀರು ಸಾಕಾಗುತ್ತದೆ, ಆದ್ದರಿಂದ ಒಣಗುವಾಗ ಬಿರುಕೂ ಕಡಿಮೆ. ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಒಳಗಿನಿಂದಲೇ ಸುಣ್ಣವನ್ನು ಕಲ್ಲಾಗಿಸಲು ನೆರವಾಗುತ್ತದೆ ಎಂಬ ವಿವರಣೆಯೂ ಇದೆ. ಬೆಲ್ಲ, ಸುಣ್ಣದ ಇನ್ನೊಂದು ಭೇಟಿ ಮಂಡ್ಯದ ಕಡೆಯವರಿಗೆ ಚೆನ್ನಾಗಿ ಗೊತ್ತು. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕಿ ಕೊಳೆ ತೆಗೆಯುತ್ತಾರೆ. ಅಲ್ಲಿ ಬೆಲ್ಲಕ್ಕೆ ಸುಣ್ಣ, ಇಲ್ಲಿ ಸುಣ್ಣಕ್ಕೆ ಬೆಲ್ಲ. ನಡೆಯುವ ಕೆಲಸ ಮಾತ್ರ ಬೇರೆ ಬೇರೆ: ಅಲ್ಲಿ ಸುಣ್ಣ ರಸದ ಹುಳಿ ತಗ್ಗಿಸಿ ಕೊಳೆಯನ್ನು ಹೆಪ್ಪುಗಟ್ಟಿಸುತ್ತದೆ, ಇಲ್ಲಿ ಸಕ್ಕರೆ ಸುಣ್ಣವನ್ನು ಕರಗಿಸುತ್ತದೆ. ಇದೇ ಬೆಲ್ಲವನ್ನು ಸಿಮೆಂಟಿಗೆ ಹಾಕಿ ನೋಡಿ. ಚಿಟಿಕೆ ಸಕ್ಕರೆ ಸಾಕು, ಕಾಂಕ್ರೀಟ್ ಗಟ್ಟಿಯಾಗುವುದು ಗಂಟೆಗಟ್ಟಲೆ ಮುಂದಕ್ಕೆ ಹೋಗುತ್ತದೆ, ಪ್ರಮಾಣ ಮೀರಿದರೆ ಕೆಲಸವೇ ಕೆಡುತ್ತದೆ. ಒಂದಕ್ಕೆ ಪಥ್ಯವಾದದ್ದು ಇನ್ನೊಂದಕ್ಕೆ ವಿಷ ಎಂದಮೇಲೆ ಇವೆರಡನ್ನೂ ಒಂದೇ ಜಾತಿಯ ಗಾರೆ ಎಂದು ಎಣಿಸುವುದು ಹೇಗೆ? ಹಾಗೆಂದು ಬೆಲ್ಲದ ಭಜನೆ ಮಾಡುವುದೂ ಬೇಡ. ಅತಿಯಾದರೆ ಸುಣ್ಣದ ಗಾರೆಯೂ ಹಸಿಯಾಗಿಯೇ ಉಳಿಯುತ್ತದೆ, ಇರುವೆ ಮುತ್ತುವುದು ಬೇರೆ. ಪ್ರತಿ ಕೋಟೆಯ ಗೈಡೂ ಹೇಳುವ ಲಕ್ಷಗಟ್ಟಲೆ ಕೋಳಿಮೊಟ್ಟೆಯ ಕತೆಯ ಬಗ್ಗೆಯಂತೂ ನನಗೆ ಅನುಮಾನವೇ. ಚೆಟ್ಟಿನಾಡಿನ ಕನ್ನಡಿಯಂಥ ನುಣುಪು ಗಾರೆಗೆ ಮೊಟ್ಟೆಯ ಬಿಳಿ ಸೇರಿಸುತ್ತಿದ್ದುದು ನಿಜ, ಆದರೆ ಅದು ಕೊನೆಯ ತೆಳು ಪದರದ ಮಾತು. ಕೋಟೆಯ ಕಲ್ಲು ಕೂರಿಸಲು ಅಷ್ಟು ಕೋಳಿಗಳು ಎಲ್ಲಿದ್ದವು?

ಸುಣ್ಣಕ್ಕೆ ಬಲ ಸಾಲದು ಎಂಬುದು ಎಲ್ಲರೂ ಎತ್ತುವ ಮೊದಲ ಆಕ್ಷೇಪ. ಅದಕ್ಕೆ ಉತ್ತರ ಕನ್ನಂಬಾಡಿಯಲ್ಲಿದೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದ್ದು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ. ಇಟ್ಟಿಗೆ ಪುಡಿ ಸುಣ್ಣದೊಂದಿಗೆ ಬೆರೆತಾಗ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ. ಆಗ ಸಿಮೆಂಟ್ ಗೊತ್ತಿರಲಿಲ್ಲ ಎಂದಲ್ಲ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ, ಗುಜರಾತಿನ ಪೋರಬಂದರಿನ ಕಾರ್ಖಾನೆ ಸಿಮೆಂಟ್ ತಯಾರಿಸತೊಡಗಿದ್ದು 1914ರಲ್ಲಿ. ಇದ್ದ ಸುಣ್ಣ, ಇದ್ದ ಇಟ್ಟಿಗೆಯಿಂದಲೇ ಕಾವೇರಿಗೆ ಅಡ್ಡ ನಿಲ್ಲುವ ಗೋಡೆ ಆಗುತ್ತದೆ ಎಂದಮೇಲೆ ಹತ್ತಡಿಯ ಪಡಸಾಲೆ ಗೋಡೆಗೆ ಆಗದೆ? ನಿಜ ಹೇಳಬೇಕೆಂದರೆ ಮನೆಗೆ ಅಷ್ಟು ಬಲ ಬೇಕೂ ಇಲ್ಲ. ಮೆತ್ತನೆಯ ಗೋಡೆಗೆ ಅದಕ್ಕಿಂತ ಮೆತ್ತನೆಯ ಗಿಲಾವೇ ಸರಿ. ಋತುವಿಗೆ ತಕ್ಕಂತೆ ಹಳೇ ಗೋಡೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಸುಣ್ಣ ಅದರೊಂದಿಗೆ ಬಾಗುತ್ತದೆ, ಸಣ್ಣ ಬಿರುಕು ಬಂದರೆ ಮಳೆನೀರಿನಲ್ಲಿ ತುಸು ಕರಗಿ ಮತ್ತೆ ಅಲ್ಲೇ ಕೂತು ಬಿರುಕು ಮುಚ್ಚುವುದೂ ಉಂಟು. ಸಿಮೆಂಟ್ ಬಾಗದು, ಸಿಡಿಯುತ್ತದೆ, ಹೋಗುವಾಗ ಗೋಡೆಯ ಮೈಯನ್ನೂ ಕಿತ್ತುಕೊಂಡೇ ಹೋಗುತ್ತದೆ. ಗೋಡೆಯ ಗಿಲಾವು ಮನೆಗಾಗಿ ಸವೆಯಬೇಕಾದದ್ದು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬುಡದ ಗಾರೆ ಉದುರಿತು ಎಂದರೆ ಅದು ತನ್ನ ಕೆಲಸ ಮಾಡಿತು ಎಂದೇ ಅರ್ಥ.

ಎರಡನೆಯ ಆಕ್ಷೇಪ ಗಂಭೀರವಾದದ್ದು, ಅದನ್ನು ನಗೆಯಾಡಿ ತಳ್ಳುವಂತಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಹೆಬ್ಬಾಗಿಲಿನ ಭಾಗ ಬಿತ್ತು. ಸುಣ್ಣದ ಕಟ್ಟಡಗಳನ್ನು ಹೊಗಳುವವರು ಇದಕ್ಕೆ ಏನು ಹೇಳುತ್ತಾರೆ ಎಂದು ಕೇಳುವುದು ನ್ಯಾಯವೇ. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಅಲ್ಲಿ ವರ್ಷಗಟ್ಟಲೆ ನಡೆದಿದೆ, ಅದರ ತೀರ್ಪು ಇಲ್ಲಿ ಬೇಡ. ಮನೆ ಕೊಂಡವರು ಗಮನಿಸಬೇಕಾದದ್ದು ಬೇರೆ. ಎರಡೂ ಕುಸಿತ ಮಳೆಗಾಲದವು. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದಲ್ಲಿ ಕೂರಿಸುವ ಮದ್ರಾಸ್ ತಾರಸಿಯಂಥ ಚಾವಣಿಯಲ್ಲಿ ಮೊದಲು ಸಾಯುವುದು ತೊಲೆಯ ತುದಿ, ಗೋಡೆಯೊಳಗೆ ಹುದುಗಿ ಕಣ್ಣಿಗೆ ಕಾಣದ ಮೊಳದುದ್ದದ ಭಾಗ. ಸೋರುವ ಚಾವಣಿಯ ಮೇಲೆ ಒಂದು ಪದರ ಸಿಮೆಂಟ್, ಅದು ಸೋರಿದಾಗ ಇನ್ನೊಂದು ಎಂದು ಹಾಕುತ್ತ ಹೋದರೆ ಭಾರವೂ ಹೆಚ್ಚಿತು, ನೀರೂ ಒಳಗೇ ಸಿಕ್ಕಿಕೊಂಡಿತು. ಆದ್ದರಿಂದ ಹಳೇ ಮನೆ ತಾನಾಗಿ ಗಟ್ಟಿ ಎಂಬ ಭ್ರಮೆ ನನಗಿಲ್ಲ. ತೊಲೆಯ ತುದಿಯನ್ನು ಚೂಪು ಉಳಿಯಿಂದ ಚುಚ್ಚಿ ನೋಡದೆ ಯಾರೂ ಅಟ್ಟದ ಕೆಳಗೆ ಮಲಗಬಾರದು. ಮೆತ್ತಗಾಗಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸ ಮರ ಜೋಡಿಸಬಲ್ಲ ಬಡಗಿಗಳು ಇನ್ನೂ ಇದ್ದಾರೆ.

ಮರದ ಮನೆಗಳು ಬಿಚ್ಚಿ ಜೋಡಿಸಲೆಂದೇ ಮಾಡಿದವು ಎಂಬುದಕ್ಕೆ ಮಣಿಪಾಲಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದ ವಿಜಯನಾಥ ಶೆಣೈ ಅವರು ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ಕಿಟಕಿ ತಂದು ಮೊದಲು ತಮಗೊಂದು ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಹೆರಿಟೇಜ್ ವಿಲೇಜ್ ಎಬ್ಬಿಸಿದರು. ಕುಂಜೂರಿನ ಚೌಕಿಮನೆ ಅಲ್ಲಿ ಈಗಲೂ ನಿಂತಿದೆ. ಆ ಕೆಲಸದ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ತಕರಾರು ಹೇಳಬಹುದು. ಅಲ್ಲಿ ಒಲೆ ಉರಿಯುವುದಿಲ್ಲ. ಹಿಂದಿನ ಮನೆಯ ಅಡುಗೆಮನೆಯಿಂದ, ಬಚ್ಚಲೊಲೆಯಿಂದ ಏಳುತ್ತಿದ್ದ ಹೊಗೆ ಹಂಚಿನ ಕೆಳಗಿನ ಪಕಾಸಿ, ರೀಪುಗಳನ್ನು ದಿನವೂ ಒಣಗಿಸುತ್ತಿತ್ತು, ಹುಳುಗಳನ್ನು ದೂರವಿಡುತ್ತಿತ್ತು. ಅಡುಗೆ ಅನಿಲ ಬಂದು ಮನೆಯ ಹೆಂಗಸರ ಕಣ್ಣು, ಎದೆ ಉಳಿದವು, ಅದು ದೊಡ್ಡ ಲಾಭ. ಆದರೆ ಅಟ್ಟದ ಮರಕ್ಕೆ ಸಿಗುತ್ತಿದ್ದ ಆರೈಕೆ ತಪ್ಪಿತು. ಇನ್ನು ಅದನ್ನು ಗಾಳಿ ಮಾಡಬೇಕು. ಅಂದರೆ ಅಟ್ಟದ ಕಿಂಡಿಗಳನ್ನು ಸೊಳ್ಳೆಗೆ ಹೆದರಿ ಮುಚ್ಚದೆ ಬಲೆ ಹಾಕಿಸುವುದು, ಹಂಚಿನ ಕೆಳಗೆ ಪ್ಲೈವುಡ್ಡಿನ ಫಾಲ್ಸ್ ಸೀಲಿಂಗ್ ಹೊಡೆಸದಿರುವುದು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹಂಚು ಕೈಯಾಡಿಸುವುದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಾಡಿಗೆಲ್ಲ ಹರಡಿದ ಹಂಚಿನ ದೊಡ್ಡ ಗುಣ ಇದೇ. ಒಡೆದದ್ದೊಂದನ್ನೇ ಎತ್ತಿ ಹೊಸದು ಸಿಕ್ಕಿಸಬಹುದು, ಇಡೀ ಮಾಡು ಬಿಚ್ಚಬೇಕಿಲ್ಲ. ಅಷ್ಟಕ್ಕೂ ಆಲಸ್ಯಪಟ್ಟು ಮಾಡಿನ ಮೇಲೆ ತಗಡು ಹೊದಿಸುವವರಿಗೆ ಹಳೇ ಮನೆ ಯಾಕೆ ಬೇಕಿತ್ತೋ.

ಶೌಚಾಲಯ, ವೈರಿಂಗ್, ಗೀಸರ್ ಇಲ್ಲದೆ ಈಗ ಯಾರೂ ಇರಲಾರರು, ಇರಬೇಕಾಗಿಯೂ ಇಲ್ಲ. ಆದರೆ ಹದಿನೆಂಟಿಂಚಿನ ಮಣ್ಣುಗೋಡೆಯಲ್ಲಿ ಕಾಲುವೆ ಕೊರೆದು ನೀರಿನ ಪೈಪು ಹೂತರೆ, ಒಂದು ಜಾಯಿಂಟ್ ಜಿನುಗಿದರೂ ಆರು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ. ಪೈಪು, ವೈರು ಎರಡೂ ಗೋಡೆಯ ಹೊರಗೇ ಕಾಣುವಂತೆ ಓಡಲಿ, ಬಚ್ಚಲು ಹಿತ್ತಿಲ ಕಡಿಮಾಡಿನಲ್ಲಿ ಹೊಸ ಗೋಡೆಯೊಳಗೆ ಆಗಲಿ. ಅಲ್ಲಿ ಸಿಮೆಂಟ್ ಧಾರಾಳವಾಗಿ ಹಾಕಿ, ಅದಕ್ಕೆ ಯಾರ ತಕರಾರೂ ಇಲ್ಲ. ಎಲ್ಲಕ್ಕಿಂತ ಕಡೆಗಣಿಸುವ ಜಾಗ ಅಂಗಳ. ಕೆಸರಾಗುತ್ತದೆಂದು ಮನೆಯ ಸುತ್ತ ಗೋಡೆಗೆ ತಾಗಿಸಿ ಇಂಟರ್‌ಲಾಕ್ ಹಾಸುತ್ತಾರೆ. ಬಯಲಲ್ಲಿ ಆರಬೇಕಿದ್ದ ನೆಲದ ತೇವಕ್ಕೆ ಆಗ ಉಳಿಯುವ ದಾರಿ ಗೋಡೆಯೊಂದೇ. ಬೆಂಗಳೂರಿನಲ್ಲಂತೂ ಡಾಂಬರಿನ ಮೇಲೆ ಡಾಂಬರು ಹಾಕಿಹಾಕಿ ರಸ್ತೆಯೇ ಎಷ್ಟೋ ಮನೆಗಳ ಜಗಲಿಗಿಂತ ಎತ್ತರವಾಗಿದೆ. ಅಂಥ ಮನೆಗೆ ಗಿಲಾವಿಗಿಂತ ಮೊದಲು ಬೇಕಾದದ್ದು ಗೋಡೆಯ ಹೊರಬದಿಯಲ್ಲಿ ಎರಡಡಿ ಅಗಲದ ಜಲ್ಲಿ ತುಂಬಿದ ಚರಂಡಿ.

ಕೊನೆಗೆ ಉಳಿಯುವುದು ದುಡ್ಡು, ಕಾಲ, ಕೆಲಸಗಾರರ ಮಾತು. ಸುಣ್ಣದ ಕೆಲಸ ನಿಧಾನ, ಇದಕ್ಕೆ ಸಮಾಧಾನ ಹೇಳಿ ಪ್ರಯೋಜನವಿಲ್ಲ. ತೆಳುವಾದ ಎರಡು ಮೂರು ಪದರ, ಪದರ ಪದರದ ನಡುವೆ ದಿನಗಳ ಬಿಡುವು, ಬಿಸಿಲು ನೇರ ಬೀಳದಂತೆ ಗೋಣಿ, ಹದವಾಗಿ ನೀರು. ತಿಂಗಳಲ್ಲಿ ಗೃಹಪ್ರವೇಶ ಇಟ್ಟುಕೊಂಡವರಿಗೆ ಇದು ಒಗ್ಗದು. ಮೇಸ್ತ್ರಿಗಳು ಸಿಗುವುದಿಲ್ಲ ಎಂಬುದು ಮಾತ್ರ ಅರ್ಧ ನಿಜ. ಕರಣೆ ಹಿಡಿಯಬಲ್ಲವರಿಗೆ ಸುಣ್ಣ ಕಲಿಯುವುದು ಕಷ್ಟವಲ್ಲ. ಕಷ್ಟವಾಗುವುದು ಬೇಗ ಮುಗಿಸಿ ಚದರಡಿ ಲೆಕ್ಕದಲ್ಲಿ ದುಡ್ಡು ಎಣಿಸುವ ರೂಢಿ ಬಿಡುವುದು. ಅವರಿಗೆ ದಿನಗೂಲಿ ಕೊಟ್ಟು ಕಾಯಲು ಮನೆಯವರು ಸಿದ್ಧರಿದ್ದರೆ ಅರ್ಧ ತೊಡಕು ಬಿಡಿಸಿದಂತೆ. ಕೂಲಿ ಹೆಚ್ಚು, ಸಾಮಾನು ಕಡಿಮೆ, ಒಟ್ಟು ಖರ್ಚು ಮೊದಲ ಸಲ ಸಿಮೆಂಟಿಗಿಂತ ಹೆಚ್ಚೇ ಬರುತ್ತದೆ. ಆದರೆ ಸಿಮೆಂಟಿನ ಲೆಕ್ಕಕ್ಕೆ ಎರಡನೆಯ, ಮೂರನೆಯ ಗಿಲಾವನ್ನೂ, ಕೊಳೆತ ದಾರಂದವನ್ನೂ ಸೇರಿಸಬೇಕು. ಮನೆ ಕೊಳ್ಳುವ ಮೊದಲೇ ಯಾರೋ ಸಿಮೆಂಟ್ ಬಳಿಸಿಬಿಟ್ಟಿದ್ದರೆ ಗಾಬರಿಬಿದ್ದು ಎಲ್ಲವನ್ನೂ ಒಮ್ಮೆಗೆ ಕೀಳಿಸಬೇಡಿ, ಗಟ್ಟಿಯಾಗಿ ಅಂಟಿರುವ ಕಡೆ ಗೋಡೆಯೇ ಕಿತ್ತುಬರುತ್ತದೆ. ಒಂದು ಮಳೆಗಾಲ ಆ ಮನೆಯಲ್ಲಿ ಇದ್ದು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಮಳೆ ಹಿಂದಾದ ಮೇಲೆ, ತಟ್ಟಿದರೆ ಟೊಳ್ಳು ಸದ್ದು ಬರುವ ಕಡೆಗಳಲ್ಲಿ ಮಾತ್ರ ಬುಡದಿಂದ ಬಿಡಿಸಿ, ಬ್ರಷ್ಷಿನಿಂದ ಉಪ್ಪು ಗುಡಿಸಿ, ಗೋಡೆಯನ್ನು ಇಡೀ ಬೇಸಿಗೆ ಬೆತ್ತಲೆ ಬಿಡಿ. ನೆಂಟರು ಬಂದು ಏನಿದು ಅವತಾರ ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ. ಆ ಬೇಸಿಗೆಯಲ್ಲಿ ಸುಣ್ಣ ಅರಳಿಸಿ ಹಿತ್ತಿಲ ಗುಂಡಿಯಲ್ಲಿ ನೀರಿನ ಕೆಳಗೆ ಮುಚ್ಚಿಡಬಹುದು, ಹಳತಾದಷ್ಟೂ ಅದು ಬೆಣ್ಣೆಗಟ್ಟುತ್ತದೆ. ಗಿಲಾವಿಗೆ ಮುಂದಿನ ದೀಪಾವಳಿ ಕಳೆದ ಮೇಲೆ ಕೈಹಾಕಿದರೆ ಸಾಕು.