ಗಾಜಿನ ನಾರಿನ ರೆಕ್ಕೆ

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ವಿಮಾನವನ್ನು ಕಟ್ಟುವ ಮಾತೆತ್ತಿದೊಡನೆ ಓದುಗ ಬಂಧುಗಳಲ್ಲಿ ಹಲವರು ಮುಗುಳುನಗುವರೆಂಬುದನ್ನು ನಾವು ಬಲ್ಲೆವು. ಪುಷ್ಪಕವಿಮಾನದ ಕಥೆ ಕೇಳಿ ಬೆಳೆದ ನಮಗೆ ವಿಮಾನವೆಂದರೆ ಒಂದೋ ದೇವತೆಗಳದು, ಇಲ್ಲವೆ ದೊಡ್ಡ ಕಾರ್ಖಾನೆಗಳದು. ಆದರೆ ಅಮೆರಿಕದಲ್ಲಿ 1953ರಷ್ಟು ಹಿಂದೆಯೇ ಪಾಲ್ ಪೊಬೆರೆಜ್ನಿ ಎಂಬವರು ಸ್ವಂತ ಕೈಯಿಂದ ವಿಮಾನ ಕಟ್ಟುವ ಹವ್ಯಾಸಿಗಳದೇ ಒಂದು ಸಂಘವನ್ನು ಸ್ಥಾಪಿಸಿದರು. ಅಲ್ಲಿಯ ನಿಯಮದಂತೆ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಯೇ ತನ್ನ ಕಲಿಕೆಗಾಗಿ, ಸಂತೋಷಕ್ಕಾಗಿ ಮಾಡಿದ್ದರೆ ಅದು ‘ಮನೆಯಲ್ಲಿ ಕಟ್ಟಿದ ವಿಮಾನ’ವೆನಿಸುತ್ತದೆ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಬಾಳಗಡಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆಯ ಮಗ, ಎಂಜಿನಿಯರಿಂಗ್ ಮುಗಿಸಿದವನು, ಫೈಬರ್‌ಗ್ಲಾಸಿನ ಕೆಲಸ ಕಲಿತು ಎರಡು ಆಸನಗಳ ಒಂದು ವಿಮಾನವನ್ನು ತಾನೇ ಕಟ್ಟಬೇಕೆಂದು ಹಟ ಹಿಡಿದಿದ್ದಾನೆ. ತಂದೆಯವರದು ಅಡಿಕೆ ತೋಟ. ಹಳದಿ ಎಲೆ ರೋಗದಿಂದ ಅರ್ಧ ತೋಟ ಸೊರಗಿರುವ ಕಾಲ. ಹಣದ ಚಿಂತೆಗಿಂತಲೂ ಅವರನ್ನು ಕಾಡಿದ್ದು ಬೇರೆಯೇ ಪ್ರಶ್ನೆ. “ಶಾಸ್ತ್ರಿಗಳೆ, ಮರದ ತೊಲೆಯಾದರೆ ಗಂಟು, ಬಿರುಕು ಕಣ್ಣಿಗೆ ಕಾಣುತ್ತದೆ. ಇದು ಒಣಗಿದ ಮೇಲೆ ಒಳಗೆ ಏನಾಗಿದೆ ಎಂದು ತಿಳಿಯುವುದು ಹೇಗೆ? ಅದರಲ್ಲಿ ಕೂತು ಹಾರುವವನು ನನ್ನ ಮಗ,” ಎಂದರು. ವಿಷಯವನ್ನು ಬಲ್ಲವರು ಕೂಡ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಮಗೆ ಅನಿಸಿತು.

ಗಾಜು ಒಡೆಯುವ ವಸ್ತು. ಅದರಿಂದ ರೆಕ್ಕೆ ಹೇಗೆ? 1920ರ ಸುಮಾರಿಗೆ ಇಂಗ್ಲೆಂಡಿನ ಗ್ರಿಫಿತ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದರು. ಗಾಜು ಒಡೆಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿಂದ. ಅದನ್ನು ಕೂದಲಿಗಿಂತ ತೆಳುವಾದ ಎಳೆಯಾಗಿ ಸೆಳೆದರೆ ಅಂತಹ ಬಿರುಕುಗಳಿಗೆ ಎಡೆಯಿಲ್ಲದಂತಾಗಿ ಅದರ ಬಲ ಹಲವು ಪಟ್ಟು ಏರುತ್ತದೆ. ಆದರೆ ಎಳೆ ಬಿಗಿದೆಳೆದಾಗ ಮಾತ್ರ ಬಲಶಾಲಿ, ಬಗ್ಗಿಸಿದರೆ ನೂಲಿನಂತೆ ಮಣಿಯುತ್ತದೆ. ಆದುದರಿಂದ ಅದನ್ನು ರಾಳದಲ್ಲಿ ಅದ್ದಿ ಗಟ್ಟಿಗೊಳಿಸಬೇಕು. ನಾರು ಭಾರವನ್ನು ಹೊರುತ್ತದೆ, ರಾಳ ನಾರನ್ನು ಅದರ ಸ್ಥಾನದಲ್ಲಿ ಹಿಡಿದಿಡುತ್ತದೆ. ಎರಡೂ ಕೂಡಿದ ಈ ಪದಾರ್ಥಕ್ಕೆ ಸಂಯುಕ್ತ ವಸ್ತುವೆಂದು ಹೆಸರು.

ನಮ್ಮ ಸೀಮೆಯವರಿಗೆ ಇದು ಹೊಸದೇನೂ ಅಲ್ಲ. ಅಡಿಕೆಯ ಹಾಳೆಯನ್ನು ಉದ್ದಕ್ಕೆ ಸೀಳುವುದು ಮಗುವಿಗೂ ಸುಲಭ, ಅಡ್ಡಕ್ಕೆ ಹರಿಯಲು ಜಟ್ಟಿಗೂ ಕಷ್ಟ. ನಾರುಗಳೆಲ್ಲ ಒಂದೇ ದಿಕ್ಕಿನಲ್ಲಿ ಇರುವುದೇ ಅದಕ್ಕೆ ಕಾರಣ. ಗಾಜಿನ ಬಟ್ಟೆಯಲ್ಲಿಯೂ ಎರಡು ಬಗೆ: ನಾರೆಲ್ಲ ಒಂದೇ ದಿಕ್ಕಿಗೆ ಓಡುವುದು ಒಂದು, ಹಾಸುಹೊಕ್ಕಾಗಿ ನೇಯ್ದದ್ದು ಇನ್ನೊಂದು. ರೆಕ್ಕೆಯ ಬೆನ್ನೆಲುಬಾದ ತೊಲೆಗೆ ಮೊದಲನೆಯದು ಬೇಕು. ತಿರುಚುವ ಬಲವನ್ನು ತಡೆಯಬೇಕಾದಲ್ಲಿ ನೇಯ್ದ ಬಟ್ಟೆಯನ್ನು ಓರೆಯಾಗಿ, 45 ಡಿಗ್ರಿ ಕೋನದಲ್ಲಿ ಕತ್ತರಿಸಿ ಹಾಸಬೇಕು. ದಿಕ್ಕು ತಪ್ಪಿದ ಬಟ್ಟೆ ನೋಡಲು ಸೊಗಸಾಗಿಯೇ ಇದ್ದರೂ ಹೊರಬೇಕಾದ ಭಾರವನ್ನು ಹೊರುವುದಿಲ್ಲ.

ಇಂತಹ ವಸ್ತುವಿನ ಮೊದಲ ವಿಮಾನವು 1957ರಲ್ಲಿ ಜರ್ಮನಿಯಲ್ಲಿ ಹಾರಿದ ‘ಫೀನಿಕ್ಸ್’ ಎಂಬ ಎಂಜಿನ್ನಿಲ್ಲದ ಗ್ಲೈಡರು. ಆದರೆ ಅದನ್ನು ಮನೆಯ ಕೊಟ್ಟಿಗೆಗೆ ತಂದ ಕೀರ್ತಿ ಅಮೆರಿಕದ ಬರ್ಟ್ ರೂಟಾನ್ ಅವರದು. ಅಲ್ಲಿಯವರೆಗೆ ಫೈಬರ್‌ಗ್ಲಾಸಿನ ಕೆಲಸಕ್ಕೆ ಮೊದಲು ಅಚ್ಚು ಬೇಕಾಗಿತ್ತು. ಒಂದೇ ವಿಮಾನ ಕಟ್ಟುವವನಿಗೆ ಅಚ್ಚಿನ ಖರ್ಚೇ ವಿಮಾನದ ಖರ್ಚನ್ನು ಮೀರುವುದು. ರೂಟಾನರು ಅಚ್ಚನ್ನೇ ಬಿಟ್ಟರು. ನಾವು ಥರ್ಮೊಕೋಲ್ ಎನ್ನುವ ವಸ್ತುವಿನ ಜಾತಿಗೆ ಸೇರಿದ, ಅದಕ್ಕಿಂತ ಗಟ್ಟಿಯಾದ ನೊರೆಯ ದಿಮ್ಮಿಯನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆಯೇ ಬಟ್ಟೆ ಹಾಸಿ ರಾಳ ಸವರಿದರು. ದಿಮ್ಮಿ ಒಳಗೇ ಉಳಿಯುತ್ತದೆ. ಎರಡು ತೆಳು ಚರ್ಮಗಳನ್ನು ದೂರದೂರ ಹಿಡಿದಿಡುವುದು ಅದರ ಕೆಲಸ, ಮತ್ತು ಆ ದೂರವೇ ರೆಕ್ಕೆಗೆ ಬಿಗಿಯನ್ನು ಕೊಡುತ್ತದೆ. 1979ರಲ್ಲಿ ಹಾರಿದ ಅವರ ಲಾಂಗ್-ಈಜ಼ಿ ವಿಮಾನದ ರೆಕ್ಕೆಯ ಹರವು ಸುಮಾರು 8 ಮೀಟರು, ಬರಿಯ ವಿಮಾನದ ತೂಕ 320 ಕಿಲೋಗ್ರಾಮಿನ ಆಸುಪಾಸು. ಎಂಜಿನು ಹಿಂದೆ, ಪುಟ್ಟ ರೆಕ್ಕೆ ಮೂಗಿನ ಬಳಿ. 1985ರಲ್ಲಿ ಅದರ ನಕ್ಷೆಗಳ ಮಾರಾಟ ನಿಂತಿತು. ಆ ಮುಂದಿನ ವರ್ಷದ ಡಿಸೆಂಬರಿನಲ್ಲಿ ಅವರದೇ ವಿನ್ಯಾಸದ ‘ವಾಯೇಜರ್’ ವಿಮಾನ ಎಲ್ಲಿಯೂ ಇಳಿಯದೆ, ನಡುವೆ ಇಂಧನ ತುಂಬಿಸಿಕೊಳ್ಳದೆ, 9 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಿತು.

ಇಲ್ಲಿ ಕನ್ನಡಿಗರಿಗೆ ಹೆಮ್ಮೆಯ ಒಂದು ಸಂಗತಿ ಇದೆ, ಬಹು ಜನರಿಗೆ ತಿಳಿಯದು. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯವರು ಸಂಯುಕ್ತ ವಸ್ತುಗಳಿಂದ ಇಡೀ ವಿಮಾನವನ್ನು ಕಟ್ಟುವ ವಿದ್ಯೆಯನ್ನು ಕಲಿಯಬೇಕೆಂದಾಗ, ಅವರು ಆರಿಸಿಕೊಂಡದ್ದು ಈ ಹವ್ಯಾಸಿಗಳ ವಿಮಾನವನ್ನೇ. ಲಾಂಗ್-ಈಜ಼ಿಯ ವಿನ್ಯಾಸವನ್ನು ಆಧರಿಸಿ ಅವರು ಕಟ್ಟಿದ ಎಲ್.ಸಿ.ಆರ್.ಎ. ಎಂಬ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಅದರ ನಂತರ ಬಂದದ್ದು 1993ರಲ್ಲಿ ಮೊದಲು ಹಾರಿದ ‘ಹಂಸ’, ಎರಡು ಆಸನಗಳ ತರಬೇತಿ ವಿಮಾನ. ಅದರ ‘ಹಂಸ-3’ ರೂಪಕ್ಕೆ 2000ದಲ್ಲಿ ಸರಕಾರದ ಪ್ರಮಾಣಪತ್ರ ದೊರೆಯಿತು. ಹೊಸ ತಲೆಮಾರಿನ ‘ಹಂಸ-ಎನ್.ಜಿ.’ 2021ರ ಸೆಪ್ಟೆಂಬರಿನಲ್ಲಿ ಹಾರಿತು. 2001ರಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಕಾರ್ಬನ್ ನಾರಿನ ಭಾಗಗಳಲ್ಲಿಯೂ ಈ ಸಂಸ್ಥೆಯ ಪಾಲು ದೊಡ್ಡದು. ದೊಡ್ಡ ಪ್ರಯೋಗಾಲಯವು ಕೊಟ್ಟಿಗೆಯ ವಿದ್ಯೆಯ ಮುಂದೆ ಶಿಷ್ಯನಾಗಿ ಕುಳಿತದ್ದು ನಮಗೆ ಬಹಳ ಮೆಚ್ಚುಗೆಯಾದ ವಿಷಯ.

ಇನ್ನು ಕೆಲಸದ ಕ್ರಮ. ಬಡಗಿಯು ಮರವನ್ನು ಆರಿಸುತ್ತಾನೆ, ಕಮ್ಮಾರನು ಕಬ್ಬಿಣವನ್ನು ಕೊಳ್ಳುತ್ತಾನೆ. ಫೈಬರ್‌ಗ್ಲಾಸಿನವನಾದರೋ ಭಾಗವನ್ನು ಮಾಡುವ ಗಳಿಗೆಯಲ್ಲಿಯೇ ಅದರ ಪದಾರ್ಥವನ್ನೂ ತಾನೇ ತಯಾರಿಸುತ್ತಾನೆ. ಕಲಿಕೆಯ ಕಷ್ಟವೆಲ್ಲ ಇಲ್ಲಿಯೇ ಇದೆ.

ನೊರೆಯ ದಿಮ್ಮಿಯ ಎರಡು ತುದಿಗಳಿಗೆ ರೆಕ್ಕೆಯ ಅಡ್ಡಕೊಯ್ತದ ಆಕಾರದ ಹಲಗೆಗಳನ್ನು ಮೊಳೆಯಿಂದ ನಿಲ್ಲಿಸಿ, ವಿದ್ಯುತ್ತಿನಿಂದ ಕಾಯಿಸಿದ ನೈಕ್ರೋಮ್ ತಂತಿಯನ್ನು ಇಬ್ಬರು ಎರಡು ಕಡೆ ಹಿಡಿದು ಎಳೆಯುತ್ತಾರೆ. ಹಲಗೆಯ ಮೇಲೆ ಅಂಕೆಗಳನ್ನು ಬರೆದಿರುತ್ತದೆ. ಒಬ್ಬನು “ಏಳು, ಎಂಟು” ಎಂದು ಕೂಗುತ್ತ ಹೋದಂತೆ ಇನ್ನೊಬ್ಬನು ಅದೇ ಗತಿಯಲ್ಲಿ ಸಾಗಬೇಕು. ಒಬ್ಬನು ತಡೆದು ನಿಂತರೆ ಅಲ್ಲಿ ತಂತಿ ತಿಂದು ಗುಳಿ ಬೀಳುತ್ತದೆ. ಬಾಳಗಡಿಯ ಮನೆಯಲ್ಲಿ ಇನ್ನೊಂದು ತುದಿ ಹಿಡಿದವರು ಹುಡುಗನ ಅಜ್ಜಿ. ಕಣದಲ್ಲಿ ಎಣಿಸಿ ಅಭ್ಯಾಸವಿದ್ದವರು, ಗತಿ ತಪ್ಪಲಿಲ್ಲ. “ನಿಧಾನ ಮಗಾ, ನನ್ನ ಸಂಗಡ ಬಾ,” ಎಂದು ಮೊಮ್ಮಗನನ್ನೇ ತಿದ್ದಿದರಂತೆ. ಯುರೆಥೇನ್ ಜಾತಿಯ ನೊರೆಯನ್ನು ಮಾತ್ರ ಬಿಸಿ ತಂತಿಯಿಂದ ಎಂದಿಗೂ ಕೊಯ್ಯಲಾಗದು, ಅದರ ಹೊಗೆ ವಿಷ. ಅದಕ್ಕೆ ಚಾಕು ಮತ್ತು ಉಪ್ಪುಕಾಗದವೇ ಗತಿ.

ರಾಳದಲ್ಲಿ ಬಗೆಗಳುಂಟು. ನೀರಿನ ತೊಟ್ಟಿ, ದೋಣಿಗಳಿಗೆ ಬಳಸುವ ಪಾಲಿಯೆಸ್ಟರ್ ರಾಳ ಅಗ್ಗ, ಆದರೆ ಥರ್ಮೊಕೋಲ್ ಜಾತಿಯ ನೊರೆಯನ್ನು ಅದು ಕರಗಿಸಿಬಿಡುತ್ತದೆ. ಆದುದರಿಂದ ಇಲ್ಲಿ ಎಪಾಕ್ಸಿಯೇ ಬೇಕು. ಅದಕ್ಕೆ ಬೆರೆಸುವ ಹಾರ್ಡ್‌ನರಿನ ಪ್ರಮಾಣ ಔಷಧದ ಪ್ರಮಾಣದಂತೆ, ತಕ್ಕಡಿಯಲ್ಲಿ ತೂಗಿಯೇ ಹಾಕತಕ್ಕದ್ದು. ಬೇಗ ಗಟ್ಟಿಯಾಗಲೆಂದು ಎರಡು ಹನಿ ಹೆಚ್ಚು ಹಾಕುವ ಚಾಳಿ ಪಾಲಿಯೆಸ್ಟರಿನಲ್ಲಿ ನಡೆದೀತು. ಎಪಾಕ್ಸಿಯಲ್ಲಿ ಹೆಚ್ಚಾದ ಹಾರ್ಡ್‌ನರು ಸೇರದೆ ಉಳಿದು ವಸ್ತುವನ್ನೇ ದುರ್ಬಲಗೊಳಿಸುತ್ತದೆ. ಬೆರೆಸಿದ ರಾಳವನ್ನು ಬಟ್ಟಲಿನಲ್ಲಿ ಹಾಗೆಯೇ ಬಿಟ್ಟರೆ ತನ್ನ ಬಿಸಿಯಲ್ಲಿ ತಾನೇ ಕುದಿದು ಹೊಗೆಯಾಡೀತು. ಸ್ವಲ್ಪಸ್ವಲ್ಪವೇ ಬೆರೆಸಿ, ಒಡನೆ ತೆಳುವಾಗಿ ಹರಡಬೇಕು.

ದಿಮ್ಮಿಯ ಮೈ ರಂಧ್ರಮಯ. ಅದು ರಾಳವನ್ನು ಕುಡಿಯದಂತೆ, ಗಾಜಿನ ಸೂಕ್ಷ್ಮ ಗುಳ್ಳೆಗಳ ಪುಡಿಯನ್ನು ರಾಳದಲ್ಲಿ ಕಲಸಿ ಮೊದಲು ಬಳಿಯುತ್ತಾರೆ. ಅನಂತರ ಬಟ್ಟೆ, ರಾಳ, ಮತ್ತೆ ಬಟ್ಟೆ. ರಬ್ಬರಿನ ಪಟ್ಟಿಯಿಂದ ಎಳೆದೆಳೆದು ಹೆಚ್ಚಿನ ರಾಳವನ್ನು ಹೊರದೂಡಬೇಕು. ಬಿಳಿಯ ಮಚ್ಚೆ ಕಂಡರೆ ಅಲ್ಲಿ ಗಾಳಿ ಸಿಕ್ಕಿದೆ ಎಂದರ್ಥ. ಕನ್ನಡಿಯಂತೆ ಹೊಳೆದರೆ ರಾಳ ಹೆಚ್ಚಾಗಿದೆ. 100 ಗ್ರಾಂ ಬಟ್ಟೆಯ ತುಂಡು ಗಟ್ಟಿಯಾದ ಮೇಲೆ 160 ಗ್ರಾಂ ತೂಗಿದರೆ ರಾಳದ ಪಾಲು ಶೇ. 37.5, ಕೈಕೆಲಸಕ್ಕೆ ಅದು ಒಳ್ಳೆಯ ಅಳತೆ. 180 ತೂಗಿದರೆ ಶೇ. 44. ಹೆಚ್ಚಿನ 20 ಗ್ರಾಂ ಬಲವನ್ನೇನೂ ಕೊಡದೆ ಇಡೀ ಆಯುಷ್ಯ ವಿಮಾನದ ಸಂಗಡ ಹಾರುತ್ತಿರುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲು, ಹದ ತೊಗಲಿನಂತಿರುವಾಗ, ಅಂಚನ್ನು ಚಾಕುವಿನಿಂದ ಕತ್ತರಿಸಿಬಿಟ್ಟರೆ ಸುಲಭ. ಆ ಗಳಿಗೆ ಮೀರಿದರೆ ಗರಗಸ ಹಿಡಿಯಬೇಕು. ಗಟ್ಟಿಯಾದ ಮೈಗೆ ಇನ್ನೊಂದು ಭಾಗವನ್ನು ಅಂಟಿಸುವುದಾದರೆ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಲೇಬೇಕು. ಹೊಳಪಿನ ಮೇಲೆ ಅಂಟು ನಿಲ್ಲದು.

ಇದೆಲ್ಲಕ್ಕೂ ಒಣಹವೆ ಬೇಕು, 24ರಿಂದ 27 ಡಿಗ್ರಿಯ ಹದವಾದ ಸೆಕೆ ಬೇಕು. ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ಗೋಡೆಯೇ ಬೆವರುವಾಗ ಇದಕ್ಕೆ ಕೈಹಾಕುವಂತಿಲ್ಲ. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೈಮೇಲೆ ಮೇಣದಂತಹ ಜಿಡ್ಡು ಮೂಡುತ್ತದೆ. ಅದನ್ನು ನೀರಿನಿಂದ ತೊಳೆಯದೆ ಮುಂದಿನ ಪದರವನ್ನು ಹಾಸಿದರೆ ಎರಡೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ಪುಷ್ಯಮಾಸದ ಬೆಳಗಿನ ಚಳಿಯಲ್ಲಿ ರಾಳ ಹಳೆಯ ಜೇನಿನಂತೆ ಮಂದವಾಗಿ ನಾರಿನೊಳಗೆ ಇಳಿಯದು, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಹದಗೊಳಿಸಬೇಕಾಗುತ್ತದೆ. ಹೀಗೆ ವರ್ಷದಲ್ಲಿ ನಾಲ್ಕೈದು ತಿಂಗಳಷ್ಟೇ ಕೆಲಸದ ಕಾಲ.

ಹುಡುಗನು ಬಟ್ಟೆಯ ಸುರುಳಿಯನ್ನು ತೇವದಿಂದ ಕಾಪಾಡಲು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದನು. ಮಠದ ಪಾಠಶಾಲೆಯಲ್ಲಿದ್ದಾಗ ತಾಳೆಗರಿಯ ಕಟ್ಟುಗಳನ್ನು ಹುಳು ಹಿಡಿಯದಂತೆ ಅಂತಹದೇ ಅಟ್ಟಕ್ಕೆ ಏರಿಸುತ್ತಿದ್ದುದು ನಮಗೆ ನೆನಪಾಯಿತು. ಆದರೆ ತಾಳೆಗರಿಗೆ ಮಿತ್ರನಾದ ಹೊಗೆ ಗಾಜಿನ ಬಟ್ಟೆಗೆ ಶತ್ರು. ಹೊಗೆಯ ಜಿಡ್ಡು ಕೂತ ಬಟ್ಟೆಯಿಂದ ಮಾಡಿದ ತುಂಡಿನ ಪದರಗಳು ಉಗುರಿನಿಂದ ಎಬ್ಬಿಸಿದರೆ ಬಿಟ್ಟುಬಂದವು. ಈಗ ಸುರುಳಿಯು ಬಿಗಿಯಾದ ಮುಚ್ಚಳದ ತಗಡಿನ ಪೆಟ್ಟಿಗೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿದೆ.

ತಂದೆಯವರ ಪ್ರಶ್ನೆಗೆ ಬರೋಣ. ಒಳಗನ್ನು ತಿಳಿಯುವ ಒಂದು ಉಪಾಯ ನಮ್ಮವರೆಲ್ಲರಿಗೂ ಗೊತ್ತು. ಹಲಸಿನ ಕಾಯನ್ನು ಬೆರಳಿನಿಂದ ತಟ್ಟಿ ಬಲಿತಿದೆಯೋ ಇಲ್ಲವೋ ಎಂದು ಹೇಳುವವರಿಲ್ಲವೆ? ಹಾಗೆಯೇ ನಾಣ್ಯದಿಂದ ರೆಕ್ಕೆಯ ಮೈಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾರೆ. ಚರ್ಮ ದಿಮ್ಮಿಗೆ ಅಂಟಿರುವಲ್ಲಿ ನಾದ ಸ್ಪಷ್ಟ, ಬಿಟ್ಟಿರುವಲ್ಲಿ ಮಂಕು. ಆದರೆ ರಾಳದ ಪ್ರಮಾಣ ಸರಿಯಿತ್ತೇ, ನಾರಿನ ದಿಕ್ಕು ಸರಿಯಿತ್ತೇ ಎಂಬುದನ್ನು ನಾಣ್ಯ ಹೇಳಲಾರದು. ಅದನ್ನು ಹೇಳಬೇಕಾದದ್ದು ಮುರಿದ ತುಂಡುಗಳು. ರೂಟಾನರ ನಕ್ಷೆಪುಸ್ತಕದಲ್ಲಿ ಮೊದಲ ಪಾಠಗಳು ವಿಮಾನದ ಭಾಗಗಳೇ ಅಲ್ಲ. ಒಂದು ತುಂಡು ತೂಗುವುದಕ್ಕೆ, ಇನ್ನೊಂದು ಅದರ ಮೇಲೆ ನಿಂತು, ಕುಣಿದು ಮುರಿಯುವುದಕ್ಕೆ. ಬೆರಳಿನಲ್ಲಿ ಮುರಿಯಬಹುದಾದ ನೊರೆಯು ಎರಡು ಕಡೆ ಗಾಜನ್ನು ಹೊದ್ದ ಮೇಲೆ ಆಳನ್ನು ಹೊರುವುದನ್ನು ಕಂಡು ಹುಡುಗನ ತಂದೆ ಒಂದು ಕ್ಷಣ ಮಾತಾಡಲಿಲ್ಲ. ಅನಂತರ ಕೇಳಿದರು: “ಇದು ನಿಂತಿತು. ಮುಂದಿನದೂ ನಿಲ್ಲುತ್ತದೆಯೆ?” ಒಂದರ ಹಿಂದೊಂದು ಐದು ತುಂಡುಗಳು ಒಂದೇ ತೂಕಕ್ಕೆ, ಒಂದೇ ಬಲಕ್ಕೆ ಬಂದಲ್ಲದೆ ವಿಮಾನದ ಮಾತಿಲ್ಲವೆಂದು ಅವರು ಕಟ್ಟಳೆ ಮಾಡಿದ್ದಾರೆ. ಪ್ರತಿ ತುಂಡಿನ ಜೊತೆ ದಿನಾಂಕ, ಹವೆ, ರಾಳದ ಡಬ್ಬಿಯ ಸಂಖ್ಯೆ, ತೂಕಗಳನ್ನು ಪುಸ್ತಕದಲ್ಲಿ ಬರೆಯಬೇಕು. ಕಲಿತ ವಿಮಾನ ತಜ್ಞರೂ ಇದಕ್ಕಿಂತ ಒಳ್ಳೆಯ ನಿಯಮವನ್ನು ಹೇಳಲಾರರೆಂದು ನಮ್ಮ ಭಾವನೆ.

ಮನೆಯ ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಎಪಾಕ್ಸಿಯು ಬರಿಗೈಗೆ ತಾಗುತ್ತಿದ್ದರೆ ಕೆಲವರಲ್ಲಿ ಕಾಲಕ್ರಮೇಣ ತುರಿಕೆ, ದದ್ದು ಏಳುತ್ತವೆ. ಒಮ್ಮೆ ಮೈ ಅದಕ್ಕೆ ಮುನಿದರೆ ಸಾಮಾನ್ಯವಾಗಿ ಆ ಮುನಿಸು ಜನ್ಮವಿಡೀ ಇಳಿಯದು, ಆ ವಿದ್ಯೆಯನ್ನೇ ಬಿಡಬೇಕಾದೀತು. ಆದುದರಿಂದ ಕೈಚೀಲ ಕಡ್ಡಾಯ. ಅಂಟಿದ್ದನ್ನು ಅಸಿಟೋನಿನಿಂದ ಉಜ್ಜದೆ ಸಾಬೂನಿನಿಂದ ತೊಳೆಯಬೇಕು. ಉಪ್ಪುಕಾಗದ ಹಿಡಿದಾಗ ಮುಖಕ್ಕೆ ಧೂಳಿನ ಮುಸುಕು ಬೇಕು. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಡನೆ ಒಗೆಯಲೂಬಾರದು, ಗಾಜಿನ ಚೂರು ಚುಚ್ಚುತ್ತದೆ.

ಈ ವಿಮಾನಗಳಿಗೆ ಬಿಳಿಯ ಬಣ್ಣವೇ ಏಕೆಂದು ಕೇಳುವವರುಂಟು. ಬಿಸಿಲಿನಲ್ಲಿ ಕಪ್ಪು ಮೈ ಕಾದರೆ ಎಪಾಕ್ಸಿ ಮೆತ್ತಗಾಗುವ ಭಯವಿದೆ, ಅದಕ್ಕಾಗಿ ಬಿಳಿ.

ಕೈ ಪಳಗಿದ ಮೇಲೂ ಒಂದು ಅಪಾಯ ಉಳಿಯುತ್ತದೆ: ನಕ್ಷೆಯನ್ನು ತಿದ್ದುವ ಆಸೆ. ಅಮೆರಿಕದ ಹೆಸರಾಂತ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಲಾಂಗ್-ಈಜ಼ಿ ವಿಮಾನದಲ್ಲಿಯೇ ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ತೀರಿಕೊಂಡರು. ತನಿಖೆಯಲ್ಲಿ ದೋಷ ಕಂಡದ್ದು ಗಾಜಿನ ರೆಕ್ಕೆಯಲ್ಲಲ್ಲ. ಆ ವಿಮಾನವನ್ನು ಕಟ್ಟಿದವರು ಇಂಧನದ ತೊಟ್ಟಿಯನ್ನು ಬದಲಿಸುವ ಕೀಲಿಯನ್ನು ನಕ್ಷೆಯಲ್ಲಿದ್ದ ಸ್ಥಳ ಬಿಟ್ಟು, ಚಾಲಕನ ಎಡಭುಜದ ಹಿಂದೆ ಇರಿಸಿದ್ದರು. ಹಾರುತ್ತಿರುವಾಗ ಹಿಂದಿರುಗಿ ಅದನ್ನು ತಿರುಗಿಸುವುದು ದುಸ್ಸಾಧ್ಯವಾಗಿತ್ತು. ಡೆನ್ವರರು ಅದನ್ನು ಕಟ್ಟಿದವರಲ್ಲ, ಕೊಂಡವರು.

ನಮ್ಮ ದೇಶದಲ್ಲಿ ಹವ್ಯಾಸಿಯ ವಿಮಾನವೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ನೆಲ ಬಿಡುವಂತಿಲ್ಲ. ಕಟ್ಟಿ ಮುಗಿಸಿ ಅರ್ಜಿ ಬರೆಯುವುದಕ್ಕಿಂತ ಮೊದಲ ದಿಮ್ಮಿಯನ್ನು ಕೊಯ್ಯುವ ಮುನ್ನವೇ ಕೇಳಿಕೊಳ್ಳುವುದು ಜಾಣತನ. ರೆಕ್ಕೆಯ ತೊಲೆಯನ್ನು ಚರ್ಮ ಹೊದಿಸಿ ಮುಚ್ಚುವ ಮೊದಲು ಕಟ್ಟಿದವನಲ್ಲದ ಬೇರೊಂದು ಬಲ್ಲ ಕಣ್ಣು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಬಾಳಗಡಿಯ ಆ ಪುಸ್ತಕದಲ್ಲಿ ಇದುವರೆಗೆ ಮೂರು ತುಂಡುಗಳ ಲೆಕ್ಕ ಸರಿಬಂದಿದೆ. ನಾಲ್ಕನೆಯದನ್ನು ತಟ್ಟಿದಾಗ ಮಧ್ಯದಲ್ಲಿ ಮಂಕು ನಾದ ಕೇಳಿತು. ಹುಡುಗನೇ ಅದನ್ನು ಗರಗಸದಿಂದ ಸೀಳಿ, ಒಳಗಿದ್ದ ರೂಪಾಯಿಯಗಲದ ಗುಳ್ಳೆಯ ಚಿತ್ರವನ್ನು ಬರೆದು, ಒಂದರಿಂದ ಮತ್ತೆ ಎಣಿಕೆ ಹಿಡಿದಿದ್ದಾನೆ.